ಮಣ್ಣು ಮುಗಿಯುವ ಎತ್ತರ

ಮದುವೆಯಾದ ಮರುದಿನ ಸೆಬೆರಿನಾ ತವರಿನಿಂದ ತಂದ ಒಣ ಮುಸುಕಿನ ಜೋಳವನ್ನು ಬೇಯಲು ಇಟ್ಟಳು. ಬೆಳಗ್ಗೆ ಇಟ್ಟದ್ದು ಮಧ್ಯಾಹ್ನವಾದರೂ ಬೇಯಲಿಲ್ಲ. ನೀರು ಕುದಿಯುತ್ತಲೇ ಇತ್ತು, ಕಾಳು ಮಾತ್ರ ಕಲ್ಲಿನಂತೆಯೇ ಇತ್ತು. ಗಂಡ ಮೆಲ್ಚೋರ್ ಹೊಲದಿಂದ ಬಂದು ಒಲೆಯ ಪಕ್ಕ ಕೂತು ಕಾದ. ಅತ್ತೆ ದಮಿಯಾನಾ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, ಹಲ್ಲಿನ ನಡುವೆ ಅತ್ತಿತ್ತ ಹೊರಳಿಸಿ, ಅಂಗಳಕ್ಕೆ ಉಗಿದಳು.

"ಏನೇ ಹುಡುಗಿ, ಕವಣೆಗೆ ಇಟ್ಟು ನರಿ ಓಡಿಸೋಣ ಅಂತ ಬೇಯಿಸ್ತಿದ್ದೀಯಾ ಇದನ್ನ?"

"ನಮ್ಮ ಕಡೆ ಇಷ್ಟೊತ್ತಿಗೆ ಹೂವಿನ ಥರ ಅರಳಿರುತ್ತೆ ಅತ್ತೆ."

"ನಿಮ್ಮ ಕಡೆ ನೀರಿಗೆ ಮೈಯಲ್ಲಿ ಶಕ್ತಿ ಇದೆ. ಇಲ್ಲಿವರೆಗೆ ಹತ್ತಿ ಬರೋ ಹೊತ್ತಿಗೆ ಅದಕ್ಕೂ ಉಸಿರು ಹೋಗಿರುತ್ತೆ. ಹೋಗು, ಇನ್ನೊಂದಿಷ್ಟು ಹಿಕ್ಕೆ ತಗೊಂಡು ಬಾ."

ಒಣಗಿದ ಲಾಮಾ ಹಿಕ್ಕೆಯೇ ಅಲ್ಲಿಯ ಸೌದೆ. ಅದನ್ನು ಆರಿಸಲು ಸೆರಗಿನಂತೆ ಶಾಲಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟವಳು ಇನ್ನು ಬದುಕಿನುದ್ದಕ್ಕೂ ಆರಿಸುತ್ತಲೇ ಇರಬೇಕಿತ್ತು. ಕೆಳಗಿನ ಊರಿನಲ್ಲಿ ಒಂದು ಹೊರೆ ಸೌದೆಗೆ ಆಗುವ ಅಡುಗೆಗೆ ಇಲ್ಲಿ ಮೂರು ಹೊರೆ ಬೇಕು. ಎತ್ತರ ಅಂದರೆ ಏನೆಂದು ಸೆಬೆರಿನಾಗೆ ಮೊದಲು ತಿಳಿದದ್ದು ಉಸಿರಿನಿಂದಲ್ಲ, ಒಲೆಯಿಂದ.

ಅವಳು ಹುಟ್ಟಿದ್ದು ಕೆಳಗೆ, ನದಿಯ ಕಣಿವೆಯಲ್ಲಿ. ದಿಬ್ಬಣದ ಜೊತೆ ಹತ್ತಿ ಬಂದ ದಾರಿ ಅವಳ ಕಾಲಿಗೆ ಕೊನೆತನಕ ನೆನಪಿತ್ತು. ಮೊದಲು ಕೆಂಪು ಮಣ್ಣು. ಎರಡೂ ಬದಿಗೆ ಆಳೆತ್ತರದ ಜೋಳ, ಬೇಲಿಯಲ್ಲಿ ಪಾಪಸುಕಳ್ಳಿ. ಹತ್ತುತ್ತ ಹತ್ತುತ್ತ ಜೋಳ ಸೊಂಟಕ್ಕಿಳಿಯಿತು, ಆಮೇಲೆ ಇಲ್ಲವೇ ಆಯಿತು. ಬಾರ್ಲಿ ಬಂತು, ನೀಲಿ ಹೂವಿನ ಕಹಿಕಾಳಿನ ಹೊಲ ಬಂತು, ಮಣ್ಣು ಕಂದಾಯಿತು. ಅದೂ ಹಿಂದೆ ಬಿದ್ದ ಮೇಲೆ, ತೊಗಟೆ ಕಾಗದದಂತೆ ಸುಲಿದುಕೊಂಡು ಗಾಳಿಗೆ ಬೆನ್ನು ಕೊಟ್ಟು ನಿಂತ ಕುಳ್ಳ ಮರಗಳು. ಮದುಮಗಳು ತಿರುವಿಗೊಂದು ಶಾಲು ಹೊದ್ದುಕೊಳ್ಳುತ್ತ ಬಂದಳೆಂದು ದಿಬ್ಬಣದವರು ನಕ್ಕರು. ಸಾಲ್ಯಾಪಾತಾ ಹಳ್ಳಿ ಆ ಕುಳ್ಳ ಮರಗಳಿಗಿಂತ ಮೇಲೆ. ಅಲ್ಲಿಯ ಮಣ್ಣು ಕಪ್ಪು; ಹಿಡಿದರೆ ಒದ್ದೆ ಉಣ್ಣೆಯಂತೆ ತಣ್ಣಗೆ ಕೈಯಲ್ಲಿ ಕೂರುತ್ತದೆ. ಹಳ್ಳಿಯಿಂದಾಚೆ ಇಚು ಹುಲ್ಲಿನ ಬಯಲು. ಹುಲ್ಲಿನಾಚೆ ಯಾನಾಕಾಕಾ ಬೆಟ್ಟದ ಕರಿ ಬಂಡೆ, ಅದರ ಮೇಲೆ ಹಿಮ.

ಆ ಕಪ್ಪು ಮಣ್ಣಿನ ಬೆಳೆ ಆಲೂಗೆಡ್ಡೆ. ಒಂದು ಜಾತಿಯಲ್ಲ, ಹತ್ತಾರು ಜಾತಿ ಒಂದೇ ಸಾಲಿನಲ್ಲಿ ಕಲೆತು ಬೆಳೆಯುತ್ತಿದ್ದವು: ಪೂಮಾದ ಪಂಜ, ಲಾಮಾದ ಮೂಗು, ಕರಿ ನಾಲಿಗೆ. ಮೈತುಂಬ ಗಂಟುಗಂಟಾದ ಇನ್ನೊಂದು ಜಾತಿಯ ಹೆಸರೇ 'ಸೊಸೆ ಅಳಿಸೋದು'. ಮನೆಗೆ ಬಂದ ಸೊಸೆಗೆ ಅದನ್ನು ಕೊಟ್ಟು, ತಿರುಳು ಪೋಲಾಗದಂತೆ ಸಿಪ್ಪೆ ತೆಗೆ ಎನ್ನುವುದು ಅಲ್ಲಿಯ ವಾಡಿಕೆ. ಸೆಬೆರಿನಾ ಅಳಲಿಲ್ಲ. ಕೈ ಕುಯ್ದುಕೊಂಡಳು. ನೆಂಟರೆಲ್ಲ ಸುತ್ತ ಕೂತು ನಗುತ್ತಿದ್ದಾಗ ಮೆಲ್ಚೋರ್ ಕೂಡ ನಕ್ಕ.

"ನಿಮ್ಮ ಮಗನಿಗೆ ಒಂದು ಕೊಡಿ ಅತ್ತೆ, ಅವರೂ ಸುಲೀಲಿ" ಅಂದಳು.

"ಗಂಡಸರು ಹಸಿ ಗೆಡ್ಡೆ ಮುಟ್ಟಬಾರದಮ್ಮ, ಬೀಜಕ್ಕೆ ಸಿಟ್ಟು ಬರುತ್ತೆ" ಎಂದಳು ದಮಿಯಾನಾ, ನಗು ನಿಲ್ಲಿಸಿ. "ಅದನ್ನ ಹೆಂಗಸು ಎತ್ತಬೇಕು, ಹೆಂಗಸು ಇಡಬೇಕು, ಹೆಂಗಸೇ ಬಿತ್ತಬೇಕು. ಬೆಂದ ಮೇಲೆ ಯಾರು ಬೇಕಾದ್ರೂ ಮುಟ್ಟಲಿ."

ಇದು ಹೆಂಗಸರಿಗೆ ಸಿಕ್ಕ ಮರ್ಯಾದೆಯೆಂದು ಸೆಬೆರಿನಾ ಕೆಲವು ವರ್ಷ ನಂಬಿದ್ದಳು. ಅಂಗಳದ ಮೂಲೆಯಲ್ಲಿ ಬೀಜದ ಮನೆ. ಕಲ್ಲಿನ ಗೂಡು, ಬಗ್ಗಿ ಹೋಗಬೇಕು. ಗೆಡ್ಡೆಗೆ ಹುಳ ಬೀಳದಂತೆ ಹುಲ್ಲಿನ ಮಧ್ಯೆ ಘಾಟು ಸೊಪ್ಪಿನ ಪದರ. ವಾರಕ್ಕೊಮ್ಮೆ ಒಂದೊಂದನ್ನೂ ತಿರುಗಿಸಿ, ಮೆತ್ತಗಾದದ್ದನ್ನು ಆರಿಸಿ ತೆಗೆಯಬೇಕು. ಇದೆಲ್ಲ ಅವಳ ಪಾಲಿಗೆ ಬಂತು. ಅಡುಗೆ, ಮಗ್ಗ, ಲಾಮಾ, ನೀರು, ಹಿಕ್ಕೆ ಇವುಗಳ ಜೊತೆಗೆ. ಬಿತ್ತನೆಯಲ್ಲಿ ಮೆಲ್ಚೋರ್ ನಿಂತುಕೊಂಡು ಕಾಲುನೇಗಿಲನ್ನು ಪಾದದಿಂದ ಮಣ್ಣಿಗೆ ಒತ್ತುತ್ತಿದ್ದ. ಅವಳು ಅವನ ಎದುರು ಮಂಡಿಯೂರಿ, ಎದ್ದ ಹೆಂಟೆಯನ್ನು ಎರಡೂ ಕೈಯಿಂದ ಮಗುಚಿ, ಹಿಂದಕ್ಕೆ ಸರಿಯುತ್ತ ಹೋಗುತ್ತಿದ್ದಳು. ಊರಿನ ಮಾತಿನಲ್ಲಿ ಅವನು 'ಉತ್ತ'. ಅವಳು 'ಜೊತೆಗಿದ್ದಳು'. ಬೆಳೆ ಚೆನ್ನಾಗಿ ಬಂದರೆ ಮೆಲ್ಚೋರ್‌ನ ಹೊಲ ಚೆನ್ನಾಗಿ ಬಂತು. ಕೊಳೆತರೆ ಮಾತ್ರ ಊರು ಬೇರೆ ಮಾತಾಡುತ್ತಿತ್ತು: ಅವಳ ಕೈಗುಣ.

ಒಂದು ಹೊಲದಲ್ಲಿ ಒಮ್ಮೆ ಗೆಡ್ಡೆ ಬೆಳೆದರೆ ಆಮೇಲೆ ಏಳು ವರ್ಷ ಅದನ್ನು ಸುಮ್ಮನೆ ಬಿಡಬೇಕು. ಕಣಿವೆಯಲ್ಲಿ ವರ್ಷಕ್ಕೆ ಎರಡು ಬೆಳೆ ಕಂಡಿದ್ದ ಸೆಬೆರಿನಾಗೆ ಇದು ಸೋಮಾರಿತನವೆನಿಸಿ ಅತ್ತೆಯ ಹತ್ತಿರ ಅಂದೇಬಿಟ್ಟಿದ್ದಳು. ದಮಿಯಾನಾ ಒಂದು ಹಿಡಿ ಮಣ್ಣೆತ್ತಿ ಅವಳ ಮೂಗಿನ ಹತ್ತಿರ ಹಿಡಿದಳು.

"ನಿನ್ನ ಜೋಳ ಇದೆಯಲ್ಲ, ಇಲ್ಲಿ ಮಣ್ಣೂ ಹಾಗೇನೇ. ಬೇಯೋಕೆ ಹೊತ್ತು ಹಿಡಿಯುತ್ತೆ. ನಿಮ್ಮ ಊರಲ್ಲಿ ಬಿದ್ದ ಎಲೆ ಮುಂದಿನ ಮಳೆಗೆ ಮಣ್ಣಾಗಿರುತ್ತೆ. ಇಲ್ಲಿ ನನ್ನ ಮದುವೇಲಿ ಸತ್ತ ಹುಲ್ಲು ಇನ್ನೂ ಹುಲ್ಲಾಗೇ ಇದೆ. ಈ ಚಳೀಲಿ ಏನೂ ಬೇಗ ಕೊಳೆಯಲ್ಲ, ನನ್ನ ಥರ."

ದಮಿಯಾನಾ ಸತ್ತ ಮೇಲೆ ಬೀಜದ ಮನೆ ಪೂರ್ತಿ ಸೆಬೆರಿನಾಳದಾಯಿತು. ಆಗ ಮಗಳು ನೀಲ್ಡಾ ಇನ್ನೂ ಸಣ್ಣವಳು. ಅವಳ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು ಪಕ್ಕದ ಮನೆಯ ಉಲಾಲಿಯಾ. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ', ಅಂದರೆ ಜೊತೆತಾಯಿ, ಎಂದು ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುವುದು ಜಗಳವಾದಾಗ ಮಾತ್ರ.

ಒಂದು ವರ್ಷ ಸೆಬೆರಿನಾ ಸುಮ್ಮನೆ ಆಟಕ್ಕೆಂದು ಅಡುಗೆಮನೆಯ ಗೋಡೆಯ ಬದಿ, ಬಿಸಿಲು ಬೀಳುವ ಕಡೆ, ನಾಲ್ಕು ಜೋಳದ ಕಾಳು ಊರಿದಳು. ಅವು ಹುಟ್ಟಿದವು. ಮೊಣಕಾಲೆತ್ತರ ಬೆಳೆದು, ಹೆಬ್ಬೆರಳಿನಷ್ಟು ತೆನೆಯನ್ನೂ ಬಿಟ್ಟವು. ಸಾಲ್ಯಾಪಾತಾದಲ್ಲಿ ಜೋಳ ತೆನೆಗಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಉಲಾಲಿಯಾ ಬಂದು ತೆನೆಯ ಕೂದಲು ಎಳೆದು ನೋಡಿದಳು.

"ನೋಡೇ ಕೊಮಾದ್ರೆ, ನಿನ್ನ ತವರು ನಿನ್ನ ಹುಡುಕ್ಕೊಂಡು ಬೆಟ್ಟ ಹತ್ತಿ ಬಂದಿದೆ."

"ಬರ್ಲಿ ಬಿಡು. ನಾನಂತೂ ಹೋಗೋಕಾಗಲ್ಲ, ಅದಾದ್ರೂ ಬರ್ಲಿ."

ಆ ದಿನ ಸೆಬೆರಿನಾ ಸಂತೋಷದಿಂದ ಆ ತೆನೆಗಳನ್ನು ಸುಟ್ಟು ಮಗಳ ಕೈಗೆ ಕೊಟ್ಟಳು. ತವರು ಬರಿಗೈಯಲ್ಲಿ ಬಂದಿರಲಿಲ್ಲವೆಂದು ಗೊತ್ತಾಗಿದ್ದು ಮುಂದಿನ ಮಳೆಗಾಲದಲ್ಲಿ. ಮೇಲೇರಿದ ಸೆಕೆಯ ಜೊತೆಗೆ, ಕಣಿವೆಯ ಹೊಲಗಳಲ್ಲಿ ಮಾತ್ರ ಕಾಣುತ್ತಿದ್ದ ಗೆಡ್ಡೆಯ ಕರಿರೋಗ ಹಳ್ಳಿಯ ಪಕ್ಕದ ಹೊಲಕ್ಕೆ ಬಂತು. ಸಂಜೆ ಹಸಿರಾಗಿದ್ದ ಗಿಡ ಎರಡು ದಿನದಲ್ಲಿ ಬಿಸಿನೀರು ಸುರಿದಂತೆ ಬಾಡಿ ಕಪ್ಪಾಯಿತು. ಅಗೆದರೆ ಗೆಡ್ಡೆ ಕೈಯಲ್ಲೇ ಕರಗಿ ನಾರುತ್ತಿತ್ತು. ಅಲ್ಲಿಯ ಚಳಿಗಾಲವಾದ ಜೂನ್ ತಿಂಗಳಲ್ಲಿ ಕಹಿ ಗೆಡ್ಡೆಯನ್ನು ಬಯಲಲ್ಲಿ ಹರಡಿ, ರಾತ್ರಿಯ ಚಳಿಗೆ ಹೆಪ್ಪುಗಟ್ಟಿಸಿ, ಹೆಂಗಸರು ಬರಿಗಾಲಲ್ಲಿ ತುಳಿದು ಒಣಗಿಸಿ ಇಡುವ ಚೂನ್ಯೊ ಕೂಡ ಆ ವರ್ಷ ಹಾಳಾಯಿತು. ಚಳಿ ಗೆಡ್ಡೆಯ ಹೊಟ್ಟೆಯವರೆಗೆ ಇಳಿಯಲೇ ಇಲ್ಲ. ತುಳಿದರೆ ನೀರು ಬರುವ ಬದಲು ಲೋಳೆ ಬಂತು.

ಊರಿನವರು ಮೇಲಿನ ಹೊಲಗಳಿಗೆ ಹೋದರು. ಅಲ್ಲಿ ಕೆಲವು ವರ್ಷ ಗೆಡ್ಡೆ ಚೆನ್ನಾಗಿತ್ತು. ಆಮೇಲೆ ರೋಗ ಅಲ್ಲಿಗೂ ಹತ್ತಿತು. ಇನ್ನೂ ಮೇಲೆ ಹೋದರು. ಮೆಲ್ಚೋರ್‌ಗೆ ನೇಗಿಲು ಹೊತ್ತು ನಡೆಯುವ ದೂರ ಸ್ವಲ್ಪ ಹೆಚ್ಚಾಯಿತು. ಸೆಬೆರಿನಾಗೆ ಬೀಜ, ಬುತ್ತಿ, ಗೊಬ್ಬರ, ಬರುವಾಗ ಬೆಳೆ, ಎಲ್ಲವೂ ಬೆನ್ನ ಮೇಲೆ ಹೆಚ್ಚಾಯಿತು. ಊರಿನ ಅರ್ಧ ಮನೆಗಳು ಹಳೆ ಬೀಜವನ್ನೇ ಬಿಟ್ಟು, ಪೇಟೆಯಿಂದ ತಂದ ಬಿಳಿ ಗೆಡ್ಡೆ ಹಾಕಿದವು. ಅದಕ್ಕೆ ಮದ್ದು ಹೊಡೆದರೆ ಬರುತ್ತಿತ್ತು, ತಿಂದರೆ ಮಾತ್ರ ಸಪ್ಪೆ, ನೀರು ನೀರು. ಸೆಬೆರಿನಾ ಮಾತ್ರ ಬಿಡಲಿಲ್ಲ. ಅತ್ತೆ ಕೊಟ್ಟ ಬೀಜ ತನ್ನ ಕಾಲಕ್ಕೆ ಹೋಯಿತೆಂದಾದರೆ ಯಾರ ಹೆಸರು ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಗೂಡಿನೊಳಗೆ ಬಗ್ಗಿ ಕೂತು ಗೆಡ್ಡೆ ತಿರುಗಿಸುವ ಹೊತ್ತೊಂದೇ ಅವಳನ್ನು ಯಾರೂ ಕರೆಯದ ಹೊತ್ತಾಗಿತ್ತು.

ಕಡೆಗೆ ಉಳಿದದ್ದು ಯಾನಾಕಾಕಾದ ಬಂಡೆಯ ಬುಡದ ಹುಲ್ಲುಗಾವಲು. ಅಲ್ಲಿ ಯಾರೂ ಯಾವತ್ತೂ ಉತ್ತಿರಲಿಲ್ಲ, ಊರಿನ ಲಾಮಾಗಳು ಮೇಯುವ ಜಾಗ. ಅಲ್ಲಿ ಒಂದು ತುಂಡು ನೆಲ ಕೇಳು ಎಂದು ಸೆಬೆರಿನಾ ಗಂಡನ ಬೆನ್ನು ಹತ್ತಿದಳು.

ಊರ ಸಭೆಯಲ್ಲಿ ಗಂಡಸರು ಬೆಂಚಿನ ಮೇಲೆ, ಹೆಂಗಸರು ಹಿಂದೆ ನೆಲದ ಮೇಲೆ ಕದಿರು ತಿರುಗಿಸುತ್ತ ಕೂರುತ್ತಿದ್ದರು. ಕೈ ಎತ್ತುವ ಹಕ್ಕು ಮನೆಯ ಯಜಮಾನನಿಗೆ. ಉಲಾಲಿಯಾಳ ಗಂಡ ತೀರಿಹೋಗಿದ್ದರಿಂದ ಅವಳಿಗೆ ಆ ಹಕ್ಕು ಬಂದಿತ್ತು. "ನನ್ನ ಗಂಡ ನಂಗೆ ಬಿಟ್ಟು ಹೋಗಿದ್ದು ಇದೊಂದು ಕೈ" ಎಂದು ಅವಳು ನಗಿಸುತ್ತಿದ್ದಳು. ಆ ದಿನ ಮೆಲ್ಚೋರ್ ಎದ್ದು ನಿಂತು, ಹ್ಯಾಟು ತೆಗೆದು, ಹೆಂಡತಿ ಕಲಿಸಿದ್ದನ್ನು ಹೇಳಿದ. ಉಲಾಲಿಯಾ ಕೈ ಎತ್ತಿದಳು.

"ಬೇಡ ಮೆಲ್ಚೋರ್. ಅಲ್ಲಿರೋದು ಮಣ್ಣಲ್ಲಪ್ಪ, ಹುಲ್ಲಿನ ಬೇರು. ಬೇರು ಹರಿದ್ರೆ ಅದು ವಾಪಸ್ ಬರಲ್ಲ. ನನ್ನ ಲಾಮಾ ಏನು ತಿನ್ನಬೇಕು, ನಿಮ್ಮ ಬಂಡೆನಾ?"

ಹಿಂದಿನಿಂದ ಸೆಬೆರಿನಾ ಕದಿರು ನಿಲ್ಲಿಸದೆ ಅಂದಳು: "ಒಂದು ತುಂಡು ಕೊಮಾದ್ರೆ. ಬರೀ ಬೀಜಕ್ಕೆ. ಆಮೇಲೆ ನಿಂಗೂ ಬೀಜ ನಾನೇ ಕೊಡೋದು."

"ನಿಂಗೆ ಕೈ ಇಲ್ಲ ಕಣೆ, ಬಾಯಿ ಮುಚ್ಚು" ಎಂದ ಬೆಂಚಿನ ಮೇಲಿದ್ದ ಒಬ್ಬ ಮುದುಕ. ಎಲ್ಲರೂ ನಕ್ಕರು. ನಗುವಿನ ಮಧ್ಯೆಯೇ ಬೆಂಚಿನವರು ಕೈ ಎತ್ತಿ ತುಂಡನ್ನು ಕೊಟ್ಟುಬಿಟ್ಟರು. ನವೆಂಬರಿನ ಸತ್ತವರ ಹಬ್ಬಕ್ಕೆ ಬಿತ್ತನೆ ಮುಗಿಯಬೇಕು; ಅದಕ್ಕೆ ಮೊದಲು ಮೆಲ್ಚೋರ್ ಭೂತಾಯಿಗೆ ಜೋಳದ ಕಳ್ಳು ಎರೆದು, ಹುಲ್ಲುಗಾವಲಿಗೆ ನೇಗಿಲು ಊರಿದ.

ಅವಳು ಎದುರಿಗೆ ಮಂಡಿಯೂರಿ ಮೊದಲ ಹೆಂಟೆಯನ್ನು ಮಗುಚಿದಳು. ಹೆಂಟೆ ಕಂಬಳಿಯಂತೆ ಒಂದೇ ಪದರವಾಗಿ ಎದ್ದು ಬಂತು. ಬೇರು ಬೇರಿಗೆ ಹೆಣೆದುಕೊಂಡು, ಮಧ್ಯೆ ಕಪ್ಪು ಮಣ್ಣು. ಅದರಡಿ ಕೈ ತೂರಿಸಿದಳು. ಗೇಣಿನಷ್ಟು ಇಳಿಯುವ ಮೊದಲೇ ಬೆರಳಿಗೆ ಬಿಳಿ ಜಲ್ಲಿ ತಾಗಿತು. ಜಲ್ಲಿಯಡಿ ಬಂಡೆ.

"ಹೇಗಿದೆ?" ಎಂದ ಮೆಲ್ಚೋರ್, ನಿಂತಲ್ಲಿಂದ.

ನಿಂತವನಿಗೆ ಅದು ಗೊತ್ತಾಗುವಂತಿರಲಿಲ್ಲ. ಹೇಳಿದ್ದರೆ ಅವನು ಆ ಕ್ಷಣವೇ ನೇಗಿಲು ಹೆಗಲಿಗೇರಿಸಿ ಇಳಿಯುತ್ತಿದ್ದ. ಇಳಿದ ಮೇಲೆ ಬೀಜವನ್ನು ಎಲ್ಲಿ ಹಾಕಬೇಕು?

"ಚೆನ್ನಾಗಿದೆ, ಒತ್ತು" ಅಂದಳು ಸೆಬೆರಿನಾ.

ಮೊದಲ ವರ್ಷ ಬೆಳೆ ಬಂತು. ಗಿಡ ಗಿಡ್ಡ, ಎಲೆ ದಪ್ಪ, ನೀಲಿ ಹೂವು. ಕರಿರೋಗದ ಒಂದು ಚುಕ್ಕೆಯೂ ಇಲ್ಲ. ಪೂಮಾದ ಪಂಜ, ಲಾಮಾದ ಮೂಗು, ಕರಿ ನಾಲಿಗೆ, ಎಲ್ಲವೂ ಗಟ್ಟಿಯಾಗಿ, ಅತ್ತೆಯ ಕಾಲದಲ್ಲಿ ಇದ್ದಂತೆಯೇ ಬಂದವು. ಬಿಳಿ ಗೆಡ್ಡೆ ಹಾಕಿದ್ದ ಮನೆಗಳ ಹೆಂಗಸರು ಬುಟ್ಟಿ ಹಿಡಿದು ಬಾಗಿಲಿಗೆ ಬಂದರು. ಕೈಗುಣ ಅಂದರೆ ಸೆಬೆರಿನಾಳದು ಅಂದರು. ಮೊದಲ ಸಲ ಆ ಮಾತು ಹೊಗಳಿಕೆಯಾಗಿ ಕಿವಿಗೆ ಬಿತ್ತು. ಮುಂದಿನ ವರ್ಷ ಕೊಡುತ್ತೇನೆ ಎಂದು ಅವರನ್ನು ಕಳಿಸಿದಳು. ಉಲಾಲಿಯಾ ಮಾತ್ರ ಬುಟ್ಟಿ ತರಲಿಲ್ಲ.

ಮುಂದಿನ ವರ್ಷ ಹೊಲವನ್ನು ಬಿಡಬೇಕಿತ್ತು. ಬಿಟ್ಟು ಹೋಗುವುದೆಲ್ಲಿಗೆ? ಮೇಲೆ ಬಂಡೆ, ಕೆಳಗೆ ರೋಗ. ಸೆಬೆರಿನಾ ಅದೇ ಮಣ್ಣಿಗೆ ಎರಡನೇ ಸಲ ಬೀಜ ಇಟ್ಟಳು. ಹೆಂಟೆಯ ಬೇರುಗಳು ಅಷ್ಟರಲ್ಲಿ ಸತ್ತು ಪುಡಿಯಾಗಿದ್ದವು. ಮಣ್ಣು ಬೆರಳಿನ ಸಂದಿಯಲ್ಲಿ ಹಿಟ್ಟಿನಂತೆ ಜಾರುತ್ತಿತ್ತು.

ಆ ಎತ್ತರದಲ್ಲಿ ಆಕಾಶದಿಂದ ಬೀಳುವುದು ಆಲಿಕಲ್ಲು ಇಲ್ಲವೇ ಹಿಮ. ಅದು ಮೆಲ್ಲಗೆ ಕರಗಿ ಮೆಲ್ಲಗೆ ಇಳಿಯುತ್ತದೆ. ಆ ಜನವರಿಯಲ್ಲಿ, ಮಳೆಗಾಲದ ನಡುವೆ, ಬಂದದ್ದು ಬರೀ ಮಳೆ, ಕಣಿವೆಯಲ್ಲಿ ಬೀಳುವಂಥ ದಪ್ಪ ಹನಿಯ ಮಳೆ, ಎರಡು ದಿನ ಬಿಡದೆ. ಮಳೆ ನಿಂತ ಬೆಳಗ್ಗೆ ಸೆಬೆರಿನಾ ಹತ್ತಿ ಹೋದಾಗ ಹೊಲ ಇರಲಿಲ್ಲ. ಬಿಳಿ ಜಲ್ಲಿಯ ಇಳಿಜಾರಿತ್ತು, ಅದರ ಮೇಲೆ ಅಲ್ಲಲ್ಲಿ ಬೇರು ಮೇಲಾಗಿ ಮಲಗಿದ ಗಿಡಗಳು. ಕಪ್ಪು ಮಣ್ಣೆಲ್ಲ ಕೆಳಗಿನ ಜೌಗಿನಲ್ಲಿ ಹರಡಿ ಕೂತಿತ್ತು. ಹೋದದ್ದು ಅವರ ತುಂಡು ಮಾತ್ರವಲ್ಲ. ನೀರು ಅಂಚು ಹಿಡಿದು ಸುತ್ತಲಿನ ಹುಲ್ಲಿನ ಕಂಬಳಿಯನ್ನೂ ಸುರುಳಿ ಸುತ್ತಿಕೊಂಡು ಹೋಗಿತ್ತು. ಉಲಾಲಿಯಾಳ ಲಾಮಾಗಳು ಜಲ್ಲಿಯ ಮೇಲೆ ನಿಂತು ಅತ್ತಿತ್ತ ನೋಡುತ್ತಿದ್ದವು.

ಸೆಬೆರಿನಾ ಜೌಗಿಗೆ ಇಳಿದಳು. ಶಾಲು ಬಿಚ್ಚಿ ಹಾಸಿ, ಮಣ್ಣನ್ನು ಕೈಯಲ್ಲಿ ತುಂಬಿ, ಗಂಟು ಕಟ್ಟಿ, ಬೆನ್ನಿಗೆ ಹಾಕಿಕೊಂಡು ಹತ್ತಿದಳು. ಇಳಿಜಾರಿನಲ್ಲಿ ಕಲ್ಲು ಜೋಡಿಸಿ, ಹಿಂದೆ ಮಣ್ಣು ಸುರಿದಳು. ಮತ್ತೆ ಇಳಿದಳು. ಮನೆಗೆ ಬಂದು ಅಡುಗೆ ಮಾಡಿಟ್ಟು ಮರುದಿನ ಮತ್ತೆ ಹೋದಳು. ಮೆಲ್ಚೋರ್ ಎರಡು ದಿನ ಬಂದ, ಆಮೇಲೆ ಸೊಂಟ ಹಿಡಿದಿದೆಯೆಂದು ಮನೆಯಲ್ಲೇ ಉಳಿದ. ನೀಲ್ಡಾ ಬಂದಳು. ಅವಳು ಈಗ ದೊಡ್ಡವಳಾಗಿದ್ದಳು. ಕಣಿವೆಯ ಹುಡುಗನೊಬ್ಬನ ಜೊತೆ ಮದುವೆ ಗೊತ್ತಾಗಿತ್ತು.

"ಅಮ್ಮಾ, ಜನ ಬೆಟ್ಟದಿಂದ ಮಣ್ಣು ತರ್ತಾರೆ. ನೀನು ಬೆಟ್ಟಕ್ಕೇ ಮಣ್ಣು ಹೊರ್ತಿದ್ದೀಯಲ್ಲ" ಎಂದಳು ಮಗಳು, ಗಂಟು ಇಳಿಸಿ ಏದುಸಿರು ಬಿಡುತ್ತ.

"ನಿನ್ನ ಬೀಜಕ್ಕೆ ಕಣೆ. ನಿಂಗೆ ಕೊಡೋಕೆ ಬೇರೆ ಏನಿದೆ ನನ್ನ ಹತ್ರ?"

"ಕೊಟ್ಟು ನಾನೇನು ಮಾಡ್ಲಿ? ಕೆಳಗಡೆ ಇದು ಹುಟ್ಟಲ್ಲ. ಹುಟ್ಟಿದ್ರೂ ಕರಗುತ್ತೆ. ನಿಂಗೊತ್ತಿಲ್ವಾ, ನಿನ್ನ ಊರೇ ಅಲ್ವಾ ಅದು?"

ಸೆಬೆರಿನಾ ಶಾಲು ಕೊಡವಿ ಇಳಿಯತೊಡಗಿದಳು. ಕಲ್ಲುಕಟ್ಟೆಯ ಹಿಂದಿನ ಮಣ್ಣು ಮುಂದಿನ ಮಳೆಯವರೆಗೆ ಇತ್ತು. ಆ ಮಳೆ ಬಂದು ಹೋದ ಮೇಲೆ ಕಲ್ಲು ಮಾತ್ರ ಉಳಿಯಿತು.

ದಾರಿಯಲ್ಲಿ ಉಲಾಲಿಯಾ ಎದುರಾದಳು. ಲಾಮಾಗಳನ್ನು ಪಕ್ಕದ ಊರಿನ ತಮ್ಮನಲ್ಲಿಗೆ ಹೊಡೆದುಕೊಂಡು ಹೊರಟಿದ್ದಳು. ಬೈಯುತ್ತಾಳೆಂದು ಸೆಬೆರಿನಾ ತಲೆ ತಗ್ಗಿಸಿ ನಿಂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮಂಡಿ ಊರಿದವಳು ನೀನು. ನಿನ್ನ ಕೈಗೆ ಕಲ್ಲು ತಾಗಿರಬೇಕಲ್ಲ, ಸೆಬೆರಿನಾ?"

"ತಾಗಿತ್ತು."

"ಹೂಂ" ಎಂದಳು ಉಲಾಲಿಯಾ. ಆಮೇಲೆ ಬಾಯಲ್ಲಿ ಶಿಳ್ಳೆ ಹಾಕಿ ಲಾಮಾಗಳನ್ನು ಮುಂದಕ್ಕೆ ಅಟ್ಟಿದಳು. ಹೆಸರು ಹಿಡಿದು ಕರೆದದ್ದು ಸೆಬೆರಿನಾಳ ಕಿವಿಯಲ್ಲಿ ಉಳಿಯಿತು.

ಜಲ್ಲಿಯಲ್ಲಿ ಕೆದಕಿ ಆರಿಸಿದ ಗೆಡ್ಡೆ ಗೋಲಿಯಷ್ಟು ಗಾತ್ರದ್ದು, ಎರಡು ಬುಟ್ಟಿ. ಅದನ್ನು ಬೀಜದ ಮನೆಯಲ್ಲಿಟ್ಟು, ಹಿಂದಿನಂತೆಯೇ ಸೊಪ್ಪು ಹಾಸಿ, ವಾರಕ್ಕೊಮ್ಮೆ ತಿರುಗಿಸಿದಳು. ನೀಲ್ಡಾ ಮದುವೆಯಾಗಿ ಕೆಳಗಿಳಿದಳು. ಮೂಟೆಯಲ್ಲಿ ಕಂಬಳಿ ಇತ್ತು, ಪಾತ್ರೆ ಇತ್ತು, ಬೀಜ ಇರಲಿಲ್ಲ. ಬಿತ್ತನೆಯ ಕಾಲ ಬಂತು. ಮೆಲ್ಚೋರ್ ಹಳ್ಳಿಯ ಪಕ್ಕದ ಹೊಲದಲ್ಲಿ ಪೇಟೆಯ ಬಿಳಿ ಗೆಡ್ಡೆ ಹಾಕುವ ಮಾತೆತ್ತಿದ.

"ನಿನ್ನದನ್ನೂ ಅದರ ಪಕ್ಕ ಒಂದು ಸಾಲು ಹಾಕು" ಅಂದ.

"ಕೊಳೆಯುತ್ತೆ."

"ಮತ್ತೆ?"

"ಮತ್ತೆ ಏನೂ ಇಲ್ಲ."

ಸತ್ತವರ ಹಬ್ಬವೂ ಕಳೆಯಿತು. ಗೆಡ್ಡೆಗಳು ಕತ್ತಲಲ್ಲೇ ಮೊಳಕೆ ಬಿಟ್ಟವು; ಉದ್ದುದ್ದ ಬಿಳಿ ಮೊಳಕೆ, ಬಾಗಿಲ ಕಡೆಗೆ ತಿರುಗಿದ್ದವು. ಸಂಜೆ ಸೆಬೆರಿನಾ ಗೂಡಿಗೆ ಬಗ್ಗಿ ಹೋಗಿ ಎರಡೂ ಬುಟ್ಟಿಗಳನ್ನು ಹೊರಗೆ ತಂದಳು. ಒಲೆಯ ಮುಂದೆ ಕೂತು ಮೊಳಕೆಗಳನ್ನು ಒಂದೊಂದಾಗಿ ಮುರಿದಳು. ಆಮೇಲೆ ಗೆಡ್ಡೆಗಳನ್ನು ತೊಳೆದು, ಸಿಪ್ಪೆ ಸಮೇತ ಮಡಕೆಗೆ ಹಾಕಿ, ನೀರೆರೆದು, ಹಿಕ್ಕೆ ಒಟ್ಟಿದಳು. ಇಷ್ಟು ಸಣ್ಣವಾದರೂ ಬೇಯಲು ಬಹಳ ಹೊತ್ತು ಹಿಡಿಯಿತು. ಮಧ್ಯೆ ಒಮ್ಮೆ ಹೊರಗೆ ಹೋಗಿ ಇನ್ನೊಂದು ಮಡಿಲು ಹಿಕ್ಕೆ ತಂದಳು.

ಮೆಲ್ಚೋರ್ ಬಂದು ಕೂತ. ಕುರಿಚರ್ಮದ ಮೇಲೆ ಅವಳು ಬಟ್ಟೆ ಹಾಸಿ ಗೆಡ್ಡೆ ಸುರಿದಳು. ಪೂಮಾದ ಪಂಜ ಒಡೆದು ಒಳಗಿನ ನೇರಳೆ ಬಣ್ಣ ಕಾಣುತ್ತಿತ್ತು. ಅವನು ಕೈ ಚಾಚಿದವನು, ಗುರುತು ಹಿಡಿದು ಕೈ ಹಿಂದಕ್ಕೆಳೆದುಕೊಂಡ.

"ಇದು ಆ ಗೂಡಿಂದಾ?"

"ಬೆಂದಿದೆ" ಅಂದಳು ಸೆಬೆರಿನಾ. "ನೀನೂ ಮುಟ್ಟಬಹುದು."

ಅವನು ಒಂದನ್ನು ಎತ್ತಿಕೊಂಡು, ಬಿಸಿ ತಾಳಲಾರದೆ ಕೈಯಿಂದ ಕೈಗೆ ಹಾಕಿಕೊಳ್ಳುತ್ತ, ಉಪ್ಪು ಕೇಳಿದ. ಅವಳು ಉಪ್ಪು ತರಲು ಎದ್ದಳು.